ಯಾಪ್ಯ

ನಮ್ಮ ಬಿನ್ನಿಪೇಟೆಯಲ್ಲಿ ಹಿಂದೆ ಹೊತ್ತನ್ನು ಅಳೆಯುತ್ತಿದ್ದುದು ಪಂಚಾಂಗವಲ್ಲ, ಗಿರಣಿಯ ಕೂಗು. 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಕಂಪೆನಿಯ ಕೈಸೇರಿ, ಆ ಕಂಪೆನಿಯ ಹೆಸರನ್ನೇ ಒಂದು ಪೇಟೆಗೆ ಅಂಟಿಸಿಬಿಟ್ಟ ಆ ಹತ್ತಿ, ಉಣ್ಣೆ, ರೇಷ್ಮೆಗಳ ಗಿರಣಿಯು ಹಗಲಿರುಳನ್ನು ಪಾಳಿಗಳಾಗಿ ಸೀಳಿತ್ತು. ಒಲೆಗೆ ಬೆಂಕಿ ಬೀಳುವ ವೇಳೆ, ಮಕ್ಕಳು ಸದ್ದಡಗಿಸಬೇಕಾದ ವೇಳೆ, ರಾತ್ರಿಪಾಳಿ ಮುಗಿಸಿ ಬಂದವನು ಹಗಲಿನಲ್ಲಿ ಕಿಟಕಿ ಮುಚ್ಚಿ ಮಲಗುವ ವೇಳೆ, ಎಲ್ಲಕ್ಕೂ ಅದೇ ಪ್ರಮಾಣವಾಗಿತ್ತು. ಗಿರಣಿ ನಿಂತು ಎರಡು ದಶಕಗಳ ಮೇಲಾಯಿತು. ಆ ನೆಲದ ಮೇಲೆ ಈಗ ಕತ್ತೆತ್ತಿ ನೋಡಬೇಕಾದ ವಸತಿಸೌಧಗಳೂ ಒಂದು ಮಾಲೂ ಎದ್ದಿವೆ. ಆದರೂ ಪಾಳಿಯೆಂಬ ಮಾತು ನಮ್ಮ ಬೀದಿಯನ್ನು ಬಿಟ್ಟುಹೋಗಲಿಲ್ಲ. ನೇಯ್ಗೆಯ ವಿಭಾಗದಲ್ಲಿ ಇಪ್ಪತ್ತೈದು ವರ್ಷ ದುಡಿದು, ಈಗ ಎಪ್ಪತ್ತೆರಡನ್ನು ದಾಟಿರುವ ನೆರೆಮನೆಯ ಯಜಮಾನರು ಸೋಮವಾರ, ಬುಧವಾರ, ಶುಕ್ರವಾರಗಳಲ್ಲಿ ನಸುಕಿನ ಐದು ಗಂಟೆಗೆ ಕದವೆಳೆದುಕೊಂಡು ಹೊರಡುವಾಗ, ಹಾಲಿಗೆಂದು ಹೊರಬಂದ ನನ್ನನ್ನು ಕಂಡು, "ಮೊದಲ್ನೇ ಪಾಳಿ, ಮೇಷ್ಟ್ರೇ" ಎಂದು ನಗುವರು.

ಅವರು ಹೋಗುವುದು ಡಯಾಲಿಸಿಸ್ಸಿಗೆ. ಸಕ್ಕರೆ ಕಾಯಿಲೆ ಹಿಡಿದು ಇಪ್ಪತ್ತು ವರ್ಷವಾದ ಮೇಲೆ ಮೂತ್ರಪಿಂಡಗಳೆರಡೂ ಕೈಬಿಟ್ಟವು. ಅಂದಿನಿಂದ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಅವರ ರಕ್ತವು ದೇಹದಿಂದ ಹೊರಟು, ಒಂದು ಗಾಜಿನ ಲೋಟದಷ್ಟು ಅಗಲದ ಕೊಳವೆಯೊಳಗೆ ಸಾವಿರಾರು ಎಳೆಗಳ ನಡುವೆ ಹಾದು, ತೊಳೆಸಿಕೊಂಡು ಹಿಂದಿರುಗುತ್ತದೆ. ಕೂದಲಿನಂತೆ ತೋರುವ ಆ ಟೊಳ್ಳು ಎಳೆಗಳನ್ನು ಮೊದಮೊದಲು ಹತ್ತಿಯ ನಾರಿನ ಸತ್ತ್ವದಿಂದಲೇ ಮಾಡುತ್ತಿದ್ದರೆಂದು ನಾನು ಎಲ್ಲೋ ಓದಿದ್ದುದನ್ನು ಹೇಳಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, "ಅದಕ್ಕೇ ನೋಡೋಕೆ ನೂಲಿನ ಲಡಿ ಇದ್ದಂಗಿದೆ" ಎಂದರು. ಎಡಗೈಯ ಮಣಿಕಟ್ಟಿನ ಮೇಲೆ ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಕೂಡಿಸಿದ ಫಿಸ್ಟುಲಾ ಹಗ್ಗದಂತೆ ಉಬ್ಬಿ ನಿಂತಿದೆ. ಅಲ್ಲಿ ಬೆರಳಿಟ್ಟರೆ ಒಳಗೆ ಏನೋ ಗುಂಯ್‌ಗುಟ್ಟುವುದು ತಿಳಿಯುತ್ತದೆ. ನನ್ನ ಬೆರಳನ್ನು ತಾವೇ ಹಿಡಿದು ಅಲ್ಲಿಟ್ಟು, ಮಗ್ಗ ಓಡುತ್ತಿದೆಯೇ ಇಲ್ಲವೇ ಎಂದು ಕೇಳುವುದು ಅವರ ವಿನೋದ.

ಇಂಥವರೊಬ್ಬರ ಎದುರಿನಲ್ಲಿಯೇ, ಬಂಧುಗಳ ಮನೆಯ ಸೀಮಂತದ ದಿನ, ಅವರು ಎಲೆಯ ಮುಂದೆ ಕುಳಿತು ಅನ್ನಕ್ಕೆ ಸಾರನ್ನು ಸಹ ಲೆಕ್ಕವಿಟ್ಟು ಬಡಿಸಿಕೊಳ್ಳುತ್ತಿದ್ದುದನ್ನು ಕಂಡು, ಒಬ್ಬರು ಕನಿಕರದಿಂದಲೇ ಅಂದುಬಿಟ್ಟರು: "ಪಾಪ, ಇದೂ ಒಂದು ಬಾಳಾ?" ಆ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಮನೆಗೆ ಬಂದಮೇಲೂ ಅದು ನನ್ನನ್ನು ಬಿಡಲಿಲ್ಲ. ಏಕೆಂದರೆ ಅದು ವೈದ್ಯರನ್ನು ಕೇಳಬೇಕಾದ ಪ್ರಶ್ನೆಯಂತೆ ತೋರಿದರೂ ನಿಜಕ್ಕೂ ಧರ್ಮಜಿಜ್ಞಾಸೆಯ ಪ್ರಶ್ನೆ: ಎಷ್ಟು ಕಳೆದುಕೊಂಡ ಮೇಲೆ ಬಾಳು ಬಾಳಲ್ಲದಾಗುತ್ತದೆ, ಮತ್ತು ಹಾಗೆಂದು ತೀರ್ಪು ಹೇಳುವ ಅಧಿಕಾರ ಯಾರದು?

ನಮ್ಮಲ್ಲಿ ಈ ಪ್ರಶ್ನೆಗೆ ಸಿದ್ಧವಾಗಿರುವ ಒಂದು ಉತ್ತರವಿದೆ; ಅದು ಗಾದೆಯ ವೇಷದಲ್ಲಿ ಬರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕರ್ಮಸಿದ್ಧಾಂತವನ್ನು ಇಷ್ಟು ಚಿಕ್ಕದಾಗಿ ಯಾವ ಭಾಷ್ಯಕಾರನೂ ಹೇಳಿರಲಾರನು. ಆದರೆ ನನ್ನ ನೆರೆಯವರ ವಿಷಯದಲ್ಲಿ ಈ ಗಾದೆಯು ಅಕ್ಷರಶಃ ನಿಜವಾಗಿ, ಅಕ್ಷರಶಃ ಕ್ರೂರವೂ ಆಗುತ್ತದೆ. ಉಪ್ಪು ತಿಂದರೆ ಬಾಯಾರುತ್ತದೆ. ಬಾಯಾರಿದರೆ ನೀರು ಕುಡಿಯಬೇಕು. ಕುಡಿದ ನೀರು ಹೊರಹೋಗಲು ದಾರಿಯಿಲ್ಲದೆ ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಆದುದರಿಂದ ಉಪ್ಪು ತಿನ್ನದವನಿಗೂ ಇಲ್ಲಿ ನೀರಿಲ್ಲ. ಮೂತ್ರವು ಬಹುಮಟ್ಟಿಗೆ ನಿಂತುಹೋಗಿರುವ ಅವರಿಗೆ ಕಾಫಿ, ಗಂಜಿ, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು ಗೊತ್ತಾಗಿದೆ. ಅದೇ ಮನುಷ್ಯನ ರಕ್ತವನ್ನು ತೊಳೆಯಲು ಯಂತ್ರವು ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಯಲ್ಲಿ 120 ಲೀಟರು ದ್ರವವನ್ನು ಹರಿಸುತ್ತದೆ. ತೆಳುವಾದ ಒಂದು ಪೊರೆಯ ಈಚೆ ಬಾಯಾರಿದ ರಕ್ತ, ಆಚೆ ಕೊಡಗಟ್ಟಲೆ ನೀರು. ಯಾವ ಪುರಾಣಿಕನಾದರೂ ಇಂಥದೊಂದು ಶಾಪವನ್ನು ಕಲ್ಪಿಸಿದ್ದರೆ ನಾವು ಅತಿಶಯೋಕ್ತಿಯೆನ್ನುತ್ತಿದ್ದೆವು.

ಮಾಡಿದ್ದುಣ್ಣುತ್ತಿದ್ದಾರೆ ಎನ್ನುವವರಿಗೆ, ಅವರು ಮೆಚ್ಚಿಕೊಳ್ಳುವ ಪ್ರಾಚೀನರ ಬಾಯಿಂದಲೇ ಉತ್ತರ ಹೇಳಿಸಬಹುದು. ಸುಶ್ರುತನು ಸಕ್ಕರೆ ಕಾಯಿಲೆಯೂ ಸೇರುವ ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ: ಅಪಥ್ಯದಿಂದ ಬಂದುದು ಒಂದು, ಮಾತಾಪಿತೃಗಳ ಬೀಜದೋಷದಿಂದ ಸಹಜವಾಗಿ ಬಂದುದು ಇನ್ನೊಂದು. ಎರಡನೆಯದರಲ್ಲಿ ರೋಗಿಯ ಪಾಪವೇನು? ಹಿಂದಿನ ಜನ್ಮವನ್ನು ಸಾಕ್ಷಿಗೆ ಕರೆಯುವವರೊಡನೆ ವಾದ ಬೇಡ. ಆ ಸಾಕ್ಷಿಯನ್ನು ಯಾರೂ ಪಾಟೀಸವಾಲು ಮಾಡಲಾರರು. ಅದೇ ಸುಶ್ರುತನು ಧನವೂ ಬಂಧುಗಳೂ ಇಲ್ಲದ ಪ್ರಮೇಹಿಗೆ ಹೇಳುವ ಚಿಕಿತ್ಸೆ ಸ್ವಾರಸ್ಯವಾದುದು. ಕೊಡೆ, ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನವನ್ನುಣ್ಣುತ್ತ, ಊರಿಗೊಂದು ರಾತ್ರಿಯಂತೆ ತಂಗುತ್ತ, ಮುನಿಯ ಹಾಗೆ ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ನಡೆಯೆನ್ನುವುದು ಇಂದಿನ ವೈದ್ಯರೂ ಒಪ್ಪುವ ಮಾತೇ, ಪಾದರಕ್ಷೆಯೊಂದನ್ನು ಬಿಟ್ಟು. ಸ್ಪರ್ಶಜ್ಞಾನವು ಕುಂದಿದ ಮಧುಮೇಹಿಯ ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದು. ತಿಳಿಯುವ ಹೊತ್ತಿಗೆ ಬೆರಳು ಹೋಗಿರುತ್ತದೆ. ಆದರೂ ದಿಕ್ಕಿಲ್ಲದ ರೋಗಿಯನ್ನು ಕೈಬಿಡದೆ, ಅವನ ನಡಿಗೆಗೆ ಮುನಿಯ ಮರ್ಯಾದೆಯನ್ನು ಕೊಟ್ಟ ಆ ವೈದ್ಯನ ಮನಸ್ಸಿಗೆ ನಾನು ಕೈಮುಗಿಯುತ್ತೇನೆ.

ಆ ವೈದ್ಯಪರಂಪರೆಯಿಂದಲೇ ನನಗೆ ಬೇಕಾದ ಮಾತೊಂದು ದೊರೆಯಿತು. ಸಾಧ್ಯ, ಅಸಾಧ್ಯ ಎಂಬ ಎರಡು ವರ್ಗಗಳು ಎಲ್ಲರಿಗೂ ಗೊತ್ತು. ಆದರೆ ನಮ್ಮ ಪ್ರಾಚೀನ ವೈದ್ಯರು ಅಸಾಧ್ಯವೆಂಬುದನ್ನು ಒಂದೇ ಮುದ್ದೆಯಾಗಿ ಬಿಡಲಿಲ್ಲ. ಅದರೊಳಗೆ ಯಾಪ್ಯವೆಂಬ ಒಂದು ಬಗೆಯನ್ನು ಬೇರ್ಪಡಿಸಿದರು. ಗುಣವಾಗುವುದಿಲ್ಲ, ಆದರೆ ಚಿಕಿತ್ಸೆಯೂ ಪಥ್ಯವೂ ನಡೆಯುತ್ತಿರುವವರೆಗೆ ರೋಗಿ ನಡೆಯುತ್ತಾನೆ, ನಿಂತರೆ ಬೀಳುತ್ತಾನೆ. ಇದಕ್ಕೆ ಸುಶ್ರುತನು ಕೊಡುವ ಉಪಮಾನ, ಬೀಳಲಿರುವ ಮನೆಗೆ ಸರಿಯಾದ ಜಾಗದಲ್ಲಿ ಕೊಟ್ಟ ಊರೆಗಂಬ. ನಾವು ಕಾಲಯಾಪನೆಯೆನ್ನುವಾಗ ಬಳಸುವ ಯಾಪನೆಯೇ ಈ ಯಾಪ್ಯ: ಸಾಗಿಸುವುದು, ಕಳೆಯುವುದು. ಕಾಲಯಾಪನೆಯೆಂಬುದು ನಮ್ಮ ಬಾಯಲ್ಲಿ ಸೋಮಾರಿತನದ ಹೆಸರಾಗಿಹೋಗಿದೆ. ವೈದ್ಯನ ಬಾಯಲ್ಲಿ ಅದು ಅಪಮಾನದ ಮಾತಾಗಿರಲಿಲ್ಲ, ಒಂದು ಕರ್ತವ್ಯದ ಹೆಸರಾಗಿತ್ತು. "ಇದೂ ಒಂದು ಬಾಳಾ?" ಎಂದವರಿಗೆ ಗೊತ್ತಿದ್ದುದು ಎರಡೇ ಕೋಣೆಗಳು, ಆರೋಗ್ಯದ್ದು ಒಂದು, ಮರಣದ್ದು ಒಂದು. ನಡುವೆ ಇಷ್ಟುದ್ದದ ಪಡಸಾಲೆಯಿದೆ, ಅಲ್ಲಿ ಜನ ಕುಳಿತಿದ್ದಾರೆ, ಮಾತನಾಡುತ್ತಿದ್ದಾರೆ, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾರೆಂಬುದು ಅವರ ಕಣ್ಣಿಗೆ ಬೀಳಲಿಲ್ಲ.

ದೇವರ ಮುಂದೆ ಈ ಪಡಸಾಲೆಯವರ ಸ್ಥಿತಿಯೇನು? ಯಜಮಾನರು ಭಕ್ತರು, ಏಕಾದಶಿಯನ್ನು ಬಿಟ್ಟವರಲ್ಲ. ಇನ್ಸುಲಿನ್ ಚುಚ್ಚಿಕೊಂಡು ಉಪವಾಸವಿದ್ದು, ಒಮ್ಮೆ ಪೂಜೆಯ ನಡುವೆ ಬೆವರಿ ಕುಸಿದು, ಬಾಯಿಗೆ ಸಕ್ಕರೆ ಹಾಕಿಸಿಕೊಂಡ ಮೇಲೆಯೇ ಬಿಟ್ಟದ್ದು. ಬಿಟ್ಟುದಕ್ಕಾಗಿ ಅವರಿಗೆ ಬಹುಕಾಲ ಅಳುಕಿತ್ತು. ಆಗ ನಾನು ಧರ್ಮಶಾಸ್ತ್ರದ ಒಂದು ವಿಧಿಯನ್ನು ಹೇಳಿ ಸಮಾಧಾನಪಡಿಸಲು ಹೊರಟೆ. ವ್ರತವನ್ನು ಕೆಡಿಸದ ಪದಾರ್ಥಗಳು ಎಂಟು: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಹೇಳುತ್ತ ಹೇಳುತ್ತ ನನ್ನ ನಾಲಗೆಯೇ ತೊದಲಿತು. ನೀರು ಅವರಿಗೆ ಅಳತೆಯದು. ಗೆಡ್ಡೆಗೆಣಸಿನಲ್ಲಿಯೂ ಬಾಳೆಹಣ್ಣಿನಲ್ಲಿಯೂ ಪೊಟ್ಯಾಸಿಯಂ ಹೆಚ್ಚೆಂದು, ಅದು ಏರಿದರೆ ಹೃದಯವೇ ನಿಲ್ಲಬಹುದೆಂದು ನಿಷೇಧ. ಹಾಲಿನಲ್ಲಿ ರಂಜಕವಿದೆಯೆಂದು ಅದೂ ಅರ್ಧ ಲೋಟದಾಚೆಗಿಲ್ಲ. ಶಾಸ್ತ್ರಕಾರನು ಕೃಪೆಯಿಂದ ತೆರೆದಿಟ್ಟ ಮೊದಲ ನಾಲ್ಕು ಬಾಗಿಲುಗಳೂ ಈ ರೋಗಿಗೆ ಮುಚ್ಚಿವೆ. ಉಳಿದ ನಾಲ್ಕರಲ್ಲಿ ಅವರಿಗೆ ಒದಗುವುದು ಗುರುವಿನ ಮಾತು ಮತ್ತು ಔಷಧ. ಆದರೆ ಅವೆರಡು ಉಳಿದಿವೆಯಲ್ಲ! ನಮ್ಮ ನೆರೆಯ ಪಾದರಾಯನಪುರದವರ ರಂಜಾನಿನ ಉಪವಾಸಕ್ಕೂ ಕುರಾನೇ ರೋಗಿಗೆ ವಿನಾಯಿತಿ ಕೊಟ್ಟಿದೆ. ಕೊಟ್ಟರೂ ಅಲ್ಲಿನ ಹಿರಿಯರು ಎಷ್ಟೋ ಮಂದಿ ನನ್ನ ನೆರೆಯವರಂತೆಯೇ ಸಂಕಟಪಡುತ್ತಾರೆ. ಶಾಸ್ತ್ರವು ಬಿಟ್ಟರೂ ಮನಸ್ಸು ಬಿಡದು. ನನಗನ್ನಿಸುವುದಿಷ್ಟು: ತಿಂಗಳಿಗೆ ಎರಡು ದಿನ ಅನ್ನ ಬಿಡುವುದು ವ್ರತವಾದರೆ, ಮುನ್ನೂರರವತ್ತೈದು ದಿನವೂ ಬಾಯಾರಿಕೆಯನ್ನು ನಾಲಗೆಯ ಮೇಲಿಟ್ಟುಕೊಂಡು ಸಿಟ್ಟಾಗದಿರುವುದಕ್ಕೆ ಬೇರೆ ಹೆಸರು ಬೇಕೇ?

ಅವರ ಭಕ್ತಿಯ ಒಂದು ಪ್ರಸಂಗವನ್ನು ಅವರೇ ನಗುತ್ತ ಹೇಳುವುದುಂಟು. ಕಾಯಿಲೆ ಬಲಿಯುತ್ತಿದ್ದ ಕಾಲದಲ್ಲಿ ಸಕ್ಕರೆಯ ಅಂಕಿ ತಾನಾಗಿ ಇಳಿಯತೊಡಗಿತು. ಇನ್ಸುಲಿನ್ನನ್ನು ಅರ್ಧ ಮಾಡಿದರು, ಆಮೇಲೆ ಕಾಲು ಮಾಡಿದರು. ದೇವರು ಕಣ್ಣುಬಿಟ್ಟನೆಂದು ಮನೆಮಂದಿಯೆಲ್ಲ ಹೋಗಿ ನೂರೊಂದು ಈಡುಗಾಯಿ ಒಡೆದು ಬಂದರು. ಆದದ್ದೇನೆಂದರೆ, ಇನ್ಸುಲಿನ್ನನ್ನು ಕರಗಿಸಿ ಕಳುಹಿಸಬೇಕಾದ ಮೂತ್ರಪಿಂಡವೇ ಸೋತು, ಚುಚ್ಚಿಕೊಂಡ ಮದ್ದು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಒಂದು ರೋಗವು ಇಳಿದಂತೆ ತೋರಿದ್ದು ಇನ್ನೊಂದು ಏರಿದುದರ ಲಕ್ಷಣ. "ಹರಕೆ ವಾಪಸ್ ತಗೊಳ್ಳೋಕಾಗುತ್ತಾ, ಮೇಷ್ಟ್ರೇ?" ಎಂದು ಕೇಳಿದರು. ಅವಸರದ ಕೃತಜ್ಞತೆಯೂ ಅವಸರದ ಕನಿಕರದ ಹಾಗೆಯೇ ತಪ್ಪು ಲೆಕ್ಕ ಹಾಕಬಲ್ಲದು.

ಬಾಳಿನ ಗುಣಮಟ್ಟವನ್ನು ಅಂಕಿಗಳಲ್ಲಿ ಅಳೆಯುವ ವಿದ್ಯೆಯೊಂದು ಈಗ ಬೆಳೆದಿದೆ. ಮೂತ್ರಪಿಂಡ ರೋಗಿಗಳಿಗೆಂದೇ ಅಮೆರಿಕದಲ್ಲಿ 1990ರ ದಶಕದಲ್ಲಿ ರಚಿಸಿದ ಪ್ರಶ್ನಾವಳಿಯು ಲೋಕದ ನಾನಾ ಭಾಷೆಗಳಿಗೆ ಹೋಗಿದೆ: ಮೆಟ್ಟಿಲು ಹತ್ತಬಲ್ಲಿರಾ, ನೀರಿನ ನಿರ್ಬಂಧ ಎಷ್ಟು ಕಾಡುತ್ತದೆ, ಮನೆಯವರಿಗೆ ಭಾರವಾಗಿದ್ದೇನೆ ಎನ್ನಿಸುತ್ತದೆಯೇ. ಈ ಕೊನೆಯ ಪ್ರಶ್ನೆಯನ್ನು ನಮ್ಮ ಬೀದಿಯ ಮನೆಯೊಂದರಲ್ಲಿ, ಸೊಸೆ ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿರುವಾಗ, ಯಾವ ಹಿರಿಯನು ನಿಜವಾಗಿ ಉತ್ತರಿಸಿಯಾನು? ಆದರೆ ಈ ವಿದ್ಯೆಯನ್ನು ನಾನು ಹಳಿಯಲಾರೆ. 2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 49 ಮಂದಿ ಡಯಾಲಿಸಿಸ್ ರೋಗಿಗಳಿಗೂ ಅಷ್ಟೇ ಮಂದಿ ಆರೋಗ್ಯವಂತರಿಗೂ ಅಂಗೈಯಗಲದ ಗಣಕವೊಂದನ್ನು ಕೊಟ್ಟು, ಒಂದು ವಾರಕಾಲ ಅದು ಹೊತ್ತುಗೊತ್ತಿಲ್ಲದೆ ಕೂಗಿದಾಗಲೆಲ್ಲ ಆ ಗಳಿಗೆಯ ಮನಃಸ್ಥಿತಿಯನ್ನು ದಾಖಲಿಸಲು ಹೇಳಿದರು. ಆರೋಗ್ಯವಂತರು ರೋಗಿಗಳ ಬದುಕನ್ನು ಊಹಿಸಿಕೊಂಡದ್ದು ಕತ್ತಲೆಯೆಂದು. ರೋಗಿಗಳು ಗಳಿಗೆಗಳಿಗೆಗೆ ದಾಖಲಿಸಿದ್ದು ಹೆಚ್ಚುಕಡಿಮೆ ಆರೋಗ್ಯವಂತರಷ್ಟೇ ಬೆಳಕನ್ನು. ಇನ್ನೂ ವಿಚಿತ್ರವೆಂದರೆ, ರೋಗವೇ ಬಂದಿರದಿದ್ದರೆ ತಾವು ಎಷ್ಟೋ ಹೆಚ್ಚು ಸುಖವಾಗಿರುತ್ತಿದ್ದೆವೆಂದು ಆ ರೋಗಿಗಳೂ ನಂಬಿದ್ದರು. ಪರರ ಸುಖದುಃಖಗಳನ್ನಷ್ಟೇ ಅಲ್ಲ, ತನ್ನದನ್ನೂ ಮನುಷ್ಯನು ದೂರದಿಂದ ನೋಡಿ ತಪ್ಪಾಗಿ ಓದುತ್ತಾನೆ.

ಇದನ್ನು ಓದಿ, ಹಾಗಾದರೆ ಎಲ್ಲವೂ ಸರಿಯಾಗಿದೆಯೆಂದು ಕಾಲು ಚಾಚಿ ಕೂರುವವರನ್ನೂ ನಾನು ಬಲ್ಲೆ. ಮನಸ್ಸು ಒಗ್ಗಿಕೊಳ್ಳಬಲ್ಲದೆಂಬುದು ರೋಗಿಯ ಹಿರಿಮೆಯೇ ಹೊರತು ನಮ್ಮ ಉಪೇಕ್ಷೆಗೆ ಪರವಾನಗಿಯಲ್ಲ. ಊರೆಗಂಬವನ್ನು ಯಾರೋ ತಂದು ನಿಲ್ಲಿಸಬೇಕು. ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು 1943ರಲ್ಲಿ, ನಾಜಿಗಳ ವಶದಲ್ಲಿದ್ದ ಹಾಲೆಂಡಿನಲ್ಲಿ, ಮಾಂಸದ ಸಾಸೇಜಿಗೆ ಹೊದಿಸುವ ಸೆಲೋಫೇನನ್ನು ಮರದ ಹಲಗೆಗಳ ಉರುಳೆಗೆ ಸುತ್ತಿ ಮೊದಲ ಯಂತ್ರವನ್ನು ಮಾಡಿದನು. ಹದಿನಾರು ರೋಗಿಗಳಾದ ಮೇಲೆ, 1945ರಲ್ಲಿ, ಹದಿನೇಳನೆಯವಳು ಬದುಕಿದಳು. ಮುಂದೆ ಅಮೆರಿಕದ ಸಿಯಾಟಲ್ ನಗರದಲ್ಲಿ ಯಂತ್ರಗಳು ಕಡಮೆಯಾಗಿ ರೋಗಿಗಳು ಹೆಚ್ಚಾದಾಗ, ಯಾರಿಗೆ ಯಂತ್ರ, ಯಾರಿಗೆ ಇಲ್ಲವೆಂಬುದನ್ನು ತೀರ್ಮಾನಿಸಲು ಏಳು ಜನರ ಸಮಿತಿಯೊಂದನ್ನು ಕೂರಿಸಿದರು. ಅದರಲ್ಲಿ ಪಾದ್ರಿಯಿದ್ದನು, ವಕೀಲನಿದ್ದನು, ಬ್ಯಾಂಕಿನವನಿದ್ದನು, ಗೃಹಿಣಿಯೊಬ್ಬಳಿದ್ದಳು. 1962ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ಲೋಕ ಬೆಚ್ಚಿತು. ಆ ಆರಂಭದ ವರ್ಷಗಳಲ್ಲಿ ಮಧುಮೇಹಿಗಳನ್ನು ಬಹುಮಟ್ಟಿಗೆ ಹೊರಗೇ ಇಡುತ್ತಿದ್ದರು. ಅವರು ಹೇಗೂ ಬಾಳಲಾರರೆಂಬ ಎಣಿಕೆ. ಇಂದು ಯಂತ್ರದ ಪಕ್ಕದಲ್ಲಿ ಮಲಗಿರುವವರಲ್ಲಿ ಮಧುಮೇಹಿಗಳೇ ಎಲ್ಲಕ್ಕಿಂತ ದೊಡ್ಡ ಪಂಗಡ. ನಮ್ಮಲ್ಲಿ ಅಂಥ ಸಮಿತಿಯಿಲ್ಲ. ಅದರ ಕೆಲಸವನ್ನು ಹಣದ ಚೀಲವೇ ಸದ್ದಿಲ್ಲದೆ ಮಾಡುತ್ತಿತ್ತು, ಈಗಲೂ ಅಷ್ಟಿಷ್ಟು ಮಾಡುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೋ-ಯೂರಾಲಜಿ ಸಂಸ್ಥೆ ಬಂದದ್ದು, 2016ರಲ್ಲಿ ಕೇಂದ್ರಸರ್ಕಾರವು ಬಡವರಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯೋಜನೆಯನ್ನು ಆರಂಭಿಸಿದ್ದು, ಇವೆಲ್ಲ ಊರೆಗಂಬಗಳೇ. ದೇಹವನ್ನು ದೇಗುಲವೆಂದೂ ಕಾಲನ್ನು ಕಂಬವೆಂದೂ ಕಂಡ ಬಸವಣ್ಣನವರ ನಾಡಿನಲ್ಲಿ, ಆ ಕಂಬಕ್ಕೆ ಊರೆ ಕೊಡುವುದು ಜೀರ್ಣೋದ್ಧಾರವಲ್ಲವೆಂದು ಯಾವ ಧರ್ಮದರ್ಶಿ ಹೇಳಿಯಾನು?

ಕೊನೆಗೊಂದು ಕಠಿಣವಾದ ಮಾತು ಉಳಿದಿದೆ. ಊರೆಗಂಬವನ್ನು ತೆಗೆಯಿರೆಂದು ಮನೆಯಾತನೇ ಹೇಳಿದರೆ? ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ತುಂಬ ಸಲ್ಲೇಖನದಿಂದ ಮುಡಿಪಿದವರ ಹೆಸರುಗಳಿವೆ. ಸಲ್ಲೇಖನಕ್ಕೆ ಸಮಂತಭದ್ರಾಚಾರ್ಯರು ಹೇಳಿದ ಸಂದರ್ಭಗಳಲ್ಲಿ ಪ್ರತೀಕಾರವಿಲ್ಲದ ರೋಗವೂ ಒಂದು. ಆದರೆ ಆ ಸಮಂತಭದ್ರರ ಕಥೆಯೇ ಬೇರೊಂದನ್ನು ಹೇಳುತ್ತದೆ. ತಿಂದಷ್ಟೂ ತೀರದ ಹಸಿವಿನ ಭಸ್ಮಕವ್ಯಾಧಿ ಅವರಿಗೆ ಬಂದಿತ್ತೆಂಬುದು ಜೈನ ಪರಂಪರೆಯ ನಂಬಿಕೆ. ಬೆಳಗೊಳದಲ್ಲಿಯೇ ಇರುವ 1129ರ ಮಲ್ಲಿಷೇಣ ಪ್ರಶಸ್ತಿಯು ಅವರು ಆ ವ್ಯಾಧಿಯನ್ನು ಸುಟ್ಟವರೆಂದು ಹೊಗಳುತ್ತದೆ. ಯತಿಧರ್ಮದಲ್ಲಿದ್ದುಕೊಂಡು ಆ ಹಸಿವನ್ನು ತಣಿಸಲಾರದೆ ಅವರು ಗುರುವಿನಲ್ಲಿ ಸಲ್ಲೇಖನಕ್ಕೆ ಅನುಜ್ಞೆ ಬೇಡಿದಾಗ ಗುರು ಒಪ್ಪಲಿಲ್ಲವೆಂದು ದೇವಚಂದ್ರನ ರಾಜಾವಳೀಕಥೆಯಲ್ಲಿ ಬರುತ್ತದೆ. ನಿನ್ನಿಂದ ಧರ್ಮಕ್ಕೆ ಆಗಬೇಕಾದುದು ಇನ್ನೂ ಇದೆ. ವೇಷವನ್ನಾದರೂ ಬಿಡು, ಉಂಡು ಗುಣಮಾಡಿಕೊ, ಆಮೇಲೆ ಬಾ. ಗುರುವು ತೂಗಿದ್ದು ಶಿಷ್ಯನ ಸಂಕಟವನ್ನಲ್ಲ, ನಿಯಮದ ಶುದ್ಧಿಯನ್ನೂ ಅಲ್ಲ, ಉಳಿದ ಕೆಲಸವನ್ನು. ಉಳಿದ ಕೆಲಸ ಮುಗಿದವನಿಗೆ, ಯಂತ್ರವು ಬದುಕನ್ನಲ್ಲದೆ ಸಾವನ್ನೇ ಎಳೆಯುತ್ತಿರುವವನಿಗೆ, ಸಾಕೆನ್ನುವ ಹಕ್ಕು ಉಂಟೆಂದು ನಾನು ಒಪ್ಪುತ್ತೇನೆ. ಇದೇ ಹಕ್ಕಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದುದನ್ನು ಕಾರ್ಯಕ್ಕೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶವನ್ನೂ ಒಪ್ಪುತ್ತೇನೆ. ಆದರೆ ಸಾಕೆಂಬ ಆ ಮಾತು ಮಲಗಿದವನ ಬಾಯಿಂದ ಬರಬೇಕು, ಎಲೆಯ ಎದುರು ಕುಳಿತವನ ಬಾಯಿಂದಲ್ಲ.

ಯಜಮಾನರಿಗೆ ಉಳಿದ ಕೆಲಸವೇನೆಂದು ನಾನು ಕೇಳಲಿಲ್ಲ. ಕಂಡದ್ದನ್ನು ಹೇಳಬಲ್ಲೆ. ಮೊನ್ನೆ ಶ್ರಾವಣ ಶನಿವಾರ ಅವರ ಮನೆಗೆ ಹೋದಾಗ ಅವರ ಮನೆಯಾಕೆ ದಂಟಿನ ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿಯುತ್ತಿದ್ದರು. ಬಸಿದ ಕಟ್ಟಿನಿಂದ ಬಸ್ಸಾರು ಮಾಡುವುದು ನಮ್ಮ ಕಡೆಯ ಸಂಭ್ರಮ. ಸೊಪ್ಪಿನ ಸಾರವೆಲ್ಲ ಆ ನೀರಿನಲ್ಲಿಯೇ ಇರುವುದೆಂದು ನಮ್ಮ ತಾಯಂದಿರು ಅದನ್ನು ಚೆಲ್ಲಗೊಡುತ್ತಿರಲಿಲ್ಲ. ಸಾರದೊಡನೆ ಪೊಟ್ಯಾಸಿಯಮ್ಮೂ ಅಲ್ಲಿಯೇ ಇಳಿಯುವುದರಿಂದ, ಅವರು ಕಟ್ಟನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಸಾರಿಗೆಂದು ತೆಗೆದಿಟ್ಟು, ಹಿಂಡಿದ ಸೊಪ್ಪನ್ನು ಮತ್ತೊಮ್ಮೆ ನೀರು ಬದಲಿಸಿ ಬೇಯಿಸಿ, ಉಪ್ಪಿಲ್ಲದೆ, ಒಗ್ಗರಣೆಗೆ ಬೆಳ್ಳುಳ್ಳಿಯನ್ನು ಮುಂದುಮಾಡಿ, ಒಂದು ಹಿಡಿ ಪಲ್ಯವನ್ನು ಗಂಡನ ತಟ್ಟೆಯ ಮೂಲೆಗೆ ಇಟ್ಟರು. "ಸಾರೆಲ್ಲಾ ಅವರಿಗೆ, ಚರಟ ನನಗೆ" ಎಂದು ಇವರು ಗೊಣಗಿದರು. "ಇಪ್ಪತ್ತೈದು ವರ್ಷ ಮಿಲ್ ಕ್ಯಾಂಟೀನಲ್ಲಿ ಬೇಕಾದ್ದು ತಿಂದಿದ್ದೀರಲ್ಲ, ಸಾಕು" ಎಂದು ಅವರು ಕಟ್ಟಿನ ಪಾತ್ರೆಯನ್ನು ಕೈಗೆಟುಕದಂತೆ ಆಚೆಗೆ ಸರಿಸಿದರು. ಆ ಪಲ್ಯದಲ್ಲಿ ಒಂದು ಚೂರನ್ನು ನಾನೂ ತಿಂದೆ. ರುಚಿಯಿತ್ತೆಂದರೆ ಸುಳ್ಳಾದೀತು.

ಊಟವಾದ ಮೇಲೆ ಮೂವರೂ ಗುಡಿಗೆ ಹೋದೆವು. ಅರ್ಚಕರು ಉದ್ಧರಣೆಯಿಂದ ತೀರ್ಥ ಕೊಟ್ಟರು. ಯಜಮಾನರು ಅದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ನುಂಗಿ, ಕಲ್ಲುಕಟ್ಟೆಯ ಮೇಲೆ ಕುಳಿತು, ಜೇಬಿನಿಂದ ಆ ದಿನದ ನೀರಿನ ಲೆಕ್ಕ ಬರೆಯುವ ಚಿಕ್ಕ ಪುಸ್ತಕವನ್ನು ತೆಗೆದರು. ಬೆಳಗಿನ ಕಾಫಿ, ಮಾತ್ರೆಯ ಗುಟುಕು, ಮಜ್ಜಿಗೆ, ಒಂದರ ಕೆಳಗೊಂದು. ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿ, "ತೀರ್ಥಾನೂ ನೀರು ಅಂತ ಬರ್ಕೋಬೇಕಾ, ಮೇಷ್ಟ್ರೇ?" ಎಂದರು. ಎಂಟು ಪದಾರ್ಥಗಳನ್ನು ಬಾಯಿಪಾಠ ಒಪ್ಪಿಸಬಲ್ಲ ನನಗೆ ಒಡನೆ ಏನೂ ತೋಚಲಿಲ್ಲ. ಅವರ ಮನೆಯಾಕೆ ಚಪ್ಪಲಿ ಹುಡುಕುತ್ತಿದ್ದವರು ತಿರುಗಿ ನೋಡದೆಯೇ ಹೇಳಿದರು:

"ಬರ್ಕೊಳ್ಳಿ. ದೇವ್ರು ಕೊಟ್ರೂ ನೀರು ನೀರೇ."